ಗಿರಾಕಿ ಮೊಬೈಲ್ ನೋಡಿ ಸಾಮಾನು ಕೊಡಲ್ಲ, ಫಾರ್ವರ್ಡ್ ನೋಡಿ ನಂಬೋದ್ಯಾಕೆ? ಸುದ್ದಿ ಪರೀಕ್ಷಿಸೋದನ್ನ ಮಕ್ಕಳಿಗೆ ಕಲಿಸೋದು ಹೀಗೆ

ಬೀದರ್: ಕಿರಾಣಿ ಅಂಗಡಿಗೆ ಬಂದ ಗಿರಾಕಿ 340 ರೂಪಾಯಿ ಸಾಮಾನು ತಗೊಂಡು, ಮೊಬೈಲ್ ಎತ್ತಿ ಹಸಿರು ಟಿಕ್ ತೋರಿಸಿ "ರೊಕ್ಕ ಹಾಕೀನಿ ನೋಡ್ರಿ" ಅಂತಾನೆ. ಒಮ್ಮೆ ಮೋಸ ಹೋಗಿರುವ ಅಂಗಡಿಯವರು ಆ ಮೊಬೈಲ್ ಕಡೆ ಕಣ್ಣೆತ್ತಿಯೂ ನೋಡೋದಿಲ್ಲ. ತಮ್ಮ ಸೌಂಡ್‌ಬಾಕ್ಸ್ ಕೂಗಬೇಕು, ಇಲ್ಲಾ ತಮ್ಮ ಫೋನಿಗೆ ಬ್ಯಾಂಕಿನ ಮೆಸೇಜ್ ಬರಬೇಕು. ಆಮೇಲೇ ಸಾಮಾನು ಕೈಗೆ. ನಕಲಿ ಸ್ಕ್ರೀನ್‌ಶಾಟ್ ತಯಾರು ಮಾಡೋದು ಎರಡು ನಿಮಿಷದ ಕೆಲಸ ಅಂತ ಈಗ ಎಲ್ಲರಿಗೂ ಗೊತ್ತು.

ಅದೇ ಅಂಗಡಿಯವರು ರಾತ್ರಿ ಮನೆಗೆ ಹೋಗಿ ವಾಟ್ಸಾಪ್ ತೆಗೀತಾರೆ. "ಮಕ್ಕಳ ಕಳ್ಳರು ನಮ್ಮ ಕಡೆ ಬಂದಾರ, ಎಲ್ಲಾ ಗ್ರೂಪಿಗೆ ಕಳಿಸ್ರಿ" ಅಂತ ಒಂದು ವಿಡಿಯೊ. ಇಲ್ಲಿ ಸೌಂಡ್‌ಬಾಕ್ಸ್ ಇಲ್ಲ. ಬೇರೆಯವರು ತೋರಿಸಿದ ಪರದೆಯನ್ನೇ ನಂಬಿ ನಾಲ್ಕು ಗ್ರೂಪಿಗೆ ದಾಟಿಸಿ ಮಲಗ್ತಾರೆ.

340 ರೂಪಾಯಿಗೆ ಇರುವ ಎಚ್ಚರ ಸುದ್ದಿಗೆ ಯಾಕಿಲ್ಲ? ಇದನ್ನು ಶಾಲೆಯಲ್ಲೇ ಕಲಿಸೋದಕ್ಕೆ ಆಗುತ್ತಾ? ಆಗುತ್ತೆ, ಆದರೆ ಒಂದು ದಿನದ ಭಾಷಣದಿಂದ ಆಗಲ್ಲ. ಪಕ್ಕದ ಕೇರಳ ಮತ್ತು ದೂರದ ಬಿಹಾರದ ಅನುಭವ ಇದನ್ನೇ ಹೇಳುತ್ತವೆ.

ನಮ್ಮ ಜಿಲ್ಲೆಯಲ್ಲೇ ಹೋದ ಜೀವ

2018ರ ಜುಲೈ 13. ಹೈದರಾಬಾದ್ ಕಡೆಯಿಂದ ಕಾರಿನಲ್ಲಿ ಬಂದಿದ್ದ ಸ್ನೇಹಿತರು ನಮ್ಮ ಜಿಲ್ಲೆಯ ಹಳ್ಳಿಯೊಂದರ ಹತ್ತಿರ ಗಾಡಿ ನಿಲ್ಲಿಸಿ, ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರಲ್ಲಿ ಒಬ್ಬರು ಕತಾರ್‌ನಿಂದ ಬಂದವರು. ನೋಡಿದವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೀತು. ಕಾರು ಅಲ್ಲಿಂದ ಹೊರಡುವಷ್ಟರಲ್ಲಿ ವಾಟ್ಸಾಪ್‌ನಲ್ಲಿ "ಮಕ್ಕಳ ಕಳ್ಳರು" ಅನ್ನುವ ಸಂದೇಶ ಮುಂದಿನ ಊರು ಮುರ್ಕಿಗೆ ಮುಟ್ಟಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದರು, ಕಾರು ಉರುಳಿತು, ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಕಾರಿನಲ್ಲಿದ್ದ ಒಬ್ಬ ಯುವಕ ಸತ್ತುಹೋದ. ಆಮೇಲೆ ಪೊಲೀಸರು ಬಂಧಿಸಿದವರ ಪಟ್ಟಿಯಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದರು.

ಇದಕ್ಕೆ ಎರಡು ತಿಂಗಳು ಮೊದಲು, ಮೇ 23ರಂದು, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ಕೂಲಿ ಕೆಲಸದ ಯುವಕನೊಬ್ಬನನ್ನು ಇದೇ ಅನುಮಾನದ ಮೇಲೆ ಜನ ಹೊಡೆದು ಸಾಯಿಸಿದ್ದರು.

ಆ ವರ್ಷ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ ಇತ್ತು. ಬೈಕಿನ ಮೇಲೆ ಇಬ್ಬರು ಬರ್ತಾರೆ, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗ್ತಾರೆ. ನೋಡಿದರೆ ಎದೆ ಝಲ್ ಅನ್ನುತ್ತೆ. ಅಸಲಿ ಸಂಗತಿ ಏನು? ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ಸಂಸ್ಥೆಯೊಂದು ಜಾಗೃತಿಗೆ ಅಂತ ಮಾಡಿಸಿದ ಚಿತ್ರ. ಕೊನೆಯಲ್ಲಿ ಅದೇ ಬೈಕಿನವರು ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸ್ತಾರೆ. ಯಾರೋ ಆ ಕೊನೆಯ ತುಣುಕು ಕತ್ತರಿಸಿ, ಮುಂದಿನದನ್ನಷ್ಟೇ ಹರಿಬಿಟ್ಟರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ವಿಡಿಯೊ "ನಕಲಿ" ಅಲ್ಲ, ಕ್ಯಾಮೆರಾದಲ್ಲಿ ತೆಗೆದದ್ದೇ. ಸುಳ್ಳು ಇದ್ದದ್ದು ಅದರ ಜತೆ ಬಂದ ಮಾತಿನಲ್ಲಿ. "ಕಣ್ಣಾರೆ ನೋಡಿದೆ" ಅಂದರೆ ಸಾಲದು, ಯಾವ ಊರಿನದು, ಯಾವಾಗಿನದು, ಯಾಕೆ ತೆಗೆದದ್ದು ಅಂತ ಕೇಳಬೇಕು. ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ ಇದೇ.

ಕಣ್ಣೂರಿನ ಶಾಲೆಗಳು ಏನು ಮಾಡಿದವು

ಅದೇ 2018ರಲ್ಲಿ, ಕೊಡಗಿನ ಗಡಿಗೆ ಅಂಟಿಕೊಂಡಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಅಲ್ಲಿನ ಜಿಲ್ಲಾಧಿಕಾರಿ ಮೀರ್ ಮೊಹಮ್ಮದ್ ಅಲಿ "ಸತ್ಯಮೇವ ಜಯತೇ" ಅನ್ನುವ ಕಾರ್ಯಕ್ರಮ ಶುರು ಮಾಡಿದರು. ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸೋದನ್ನ ತರಗತಿಯಲ್ಲಿ ಪಾಠವಾಗಿ ಹೇಳಿಕೊಟ್ಟರು. ಶಿಕ್ಷಕರಿಗೆ ಮೊದಲು ತರಬೇತಿ, ಆಮೇಲೆ ಮಕ್ಕಳಿಗೆ.

ಕಾರಣವೂ ಇತ್ತು. ಹಿಂದಿನ ವರ್ಷ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ, ಲಸಿಕೆ ಹಾಕಿಸಿದರೆ ಮಕ್ಕಳಿಗೆ ತೊಂದರೆ ಆಗುತ್ತೆ ಅಂತ ಸಂದೇಶಗಳು ಹರಡಿ, ಎಷ್ಟೋ ತಂದೆ-ತಾಯಿ ಹಿಂದೇಟು ಹಾಕಿದ್ದರು. ನಮ್ಮ ರಾಜ್ಯದಲ್ಲೂ 2017ರ ಫೆಬ್ರವರಿಯಲ್ಲಿ ಇದೇ ಅಭಿಯಾನ ನಡೆದಾಗ ಇಂಥದ್ದೇ ಮೆಸೇಜ್ ಓಡಾಡಿದ್ದವು.

ಕೇರಳ ಅಲ್ಲಿಗೇ ನಿಲ್ಲಿಸಲಿಲ್ಲ. ಜಿಲ್ಲೆಯಲ್ಲಿ ಶುರುವಾದದ್ದನ್ನು ಆಮೇಲೆ ರಾಜ್ಯದ ಶಾಲೆಗಳಿಗೆಲ್ಲ ವಿಸ್ತರಿಸಿತು. 2024ರಿಂದ ಅಲ್ಲಿನ ಐದು ಮತ್ತು ಏಳನೇ ತರಗತಿಯ ಕಂಪ್ಯೂಟರ್ ಪಠ್ಯದಲ್ಲೇ ಸುಳ್ಳು ಸುದ್ದಿ ಪತ್ತೆ ಮಾಡುವ ಪಾಠ ಬಂದಿದೆ.

ಒಂದು ತಾಸಿನ ಭಾಷಣ ಯಾಕೆ ಸಾಲದು

ನಮ್ಮಲ್ಲಿ ಜಾಗೃತಿ ಅಂದರೆ ಗೊತ್ತಲ್ಲ, ಬ್ಯಾನರ್, ದೀಪ ಹಚ್ಚೋದು, ಅತಿಥಿಗಳ ಮಾತು, ಫೋಟೊ, ಮುಗೀತು. ಇದರಿಂದ ಏನಾದರೂ ಬದಲಾಗುತ್ತಾ ಅಂತ ಅಳೆದು ನೋಡಿದವರು ಇದ್ದಾರೆ.

2019ರ ಲೋಕಸಭೆ ಚುನಾವಣೆ ಹೊತ್ತಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಬಿಹಾರದಲ್ಲಿ ಒಂದು ಪ್ರಯೋಗ ಮಾಡಿದರು. 1,200ಕ್ಕೂ ಹೆಚ್ಚು ಜನರನ್ನು ಆರಿಸಿ, ಅವರಲ್ಲಿ ಒಂದು ಭಾಗದವರ ಮನೆಗೇ ಹೋಗಿ ಸುಮಾರು ಒಂದು ತಾಸು ಸುಳ್ಳು ಸುದ್ದಿ ಪತ್ತೆ ಮಾಡುವ ವಿಧಾನ ಹೇಳಿಕೊಟ್ಟರು. ಆಮೇಲೆ ಪರೀಕ್ಷಿಸಿದರೆ, ಒಟ್ಟಾರೆ ನೋಡಿದಾಗ ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೊಡ್ಡವರು, ಚುನಾವಣೆ ಬಿಸಿ, ಒಂದೇ ತಾಸು. ನಾಟಲಿಲ್ಲ.

ಅವರೇ ಬೇರೆ ಸಂಶೋಧಕರ ಜತೆ ಸೇರಿ ಎರಡನೇ ಸಲ ದಾರಿ ಬದಲಿಸಿದರು. ಈ ಸಲ ದೊಡ್ಡವರ ಬದಲು 13ರಿಂದ 18 ವರ್ಷದ ಮಕ್ಕಳು. ಮನೆ ಬದಲು ಹಳ್ಳಿಗಳಿಗೆ ಹತ್ತಿರದ 100 ಗ್ರಂಥಾಲಯಗಳು. ಒಂದು ತಾಸಿನ ಬದಲು ಸುಮಾರು 14 ವಾರಗಳಲ್ಲಿ ಹರಡಿಕೊಂಡ ತರಗತಿಗಳು, ಮನೆಗೆಲಸ ಬೇರೆ. 583 ಹಳ್ಳಿಗಳ 13 ಸಾವಿರಕ್ಕೂ ಹೆಚ್ಚು ಮಕ್ಕಳು ಈ ಪ್ರಯೋಗದಲ್ಲಿದ್ದರು. ಅರ್ಧ ಮಕ್ಕಳಿಗೆ ಸುದ್ದಿ ಪರೀಕ್ಷೆಯ ಪಾಠ, ಹೋಲಿಕೆಗೆ ಅಂತ ಉಳಿದವರಿಗೆ ಇಂಗ್ಲಿಷ್ ಪಾಠ.

ಫಲಿತಾಂಶ ಬೇರೆಯೇ ಬಂತು. ಪಾಠ ಕಲಿತ ಮಕ್ಕಳು ಸುಳ್ಳು-ನಿಜ ಬೇರ್ಪಡಿಸೋದರಲ್ಲಿ ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ತಿಂಗಳ ನಂತರ ಮತ್ತೆ ಕೇಳಿದಾಗಲೂ ಮರೆತಿರಲಿಲ್ಲ. ಪಾಠದಲ್ಲಿ ಹೇಳಿದ್ದು ಹೆಚ್ಚಾಗಿ ಆರೋಗ್ಯದ ಸುದ್ದಿ, ಆದರೆ ಮಕ್ಕಳು ಅದೇ ವಿಧಾನವನ್ನು ರಾಜಕೀಯ ಸುದ್ದಿಗೂ ಬಳಸಿದರು. ಎಲ್ಲಕ್ಕಿಂತ ದೊಡ್ಡ ಮಾತು, ಆ ಮಕ್ಕಳ ತಂದೆ-ತಾಯಿಗೂ ಅದರ ಪರಿಣಾಮ ತಟ್ಟಿತ್ತು. ಮನೆಗೆ ಹೋಗಿ ದೊಡ್ಡವರಿಗೆ ಹೇಳಿದಾಗ ಆಗದ ಕೆಲಸ ಮಕ್ಕಳ ಮೂಲಕ ಆಯಿತು.

ನಮಗೆ ಇದು ಯಾಕೆ ಮುಖ್ಯ ಅಂದರೆ, ಬೇಕಾದ ಜಾಗ ನಮ್ಮಲ್ಲಿ ಈಗಾಗಲೇ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳೇ ಈಗ "ಅರಿವು ಕೇಂದ್ರ" ಆಗಿವೆ. 2020ರ ನವೆಂಬರ್‌ನಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಗಿದೆ. ವಾರಕ್ಕೆ ಒಂದು ತಾಸು ಅಲ್ಲಿ ಕೂರಿಸಿ ಹೇಳಿಕೊಡಲು ಹೊಸ ಕಟ್ಟಡ ಬೇಕಾಗಿಲ್ಲ, ದೊಡ್ಡ ಅನುದಾನವೂ ಬೇಕಾಗಿಲ್ಲ.

ಏನು ಕಲಿಸಬೇಕು: ನಾಲ್ಕು ಹೆಜ್ಜೆ

ಅಮೆರಿಕದ ಮೈಕ್ ಕಾಲ್‌ಫೀಲ್ಡ್ ಅನ್ನುವ ಶಿಕ್ಷಣ ತಜ್ಞರು ರೂಪಿಸಿದ ನಾಲ್ಕು ಹೆಜ್ಜೆಯ ವಿಧಾನ ಈಗ ಹಲವು ದೇಶಗಳ ತರಗತಿಗಳಲ್ಲಿದೆ. ನಮ್ಮ ಮಾತಲ್ಲಿ ಹೇಳೋದಾದರೆ ಹೀಗೆ.

ಒಂದು, ನಿಲ್ಲು. ಸಿಟ್ಟು, ಹೆದರಿಕೆ, ಖುಷಿ ಒಮ್ಮೆಲೇ ಉಕ್ಕಿ ಬಂದರೆ ಬೆರಳು ತಡೀಬೇಕು. "ಕೂಡಲೇ ಎಲ್ಲರಿಗೂ ಕಳಿಸಿ", "ಡಿಲೀಟ್ ಮಾಡೋ ಮೊದಲೇ ನೋಡಿ" ಅಂತ ಅವಸರ ಮಾಡುವ ಸಂದೇಶದ ಮೇಲೆ ಮೊದಲು ಅನುಮಾನ ಪಡಬೇಕು. ವಾಟ್ಸಾಪ್‌ನಲ್ಲಿ ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ಬಹಳ ಸಲ ದಾಟಿ ಬಂದದ್ದು ಅಂತ ಅರ್ಥ. ಕಳಿಸಿದ ಕಾಕಾ ಗೊತ್ತಿರಬಹುದು, ಬರೆದವರು ಯಾರು ಅಂತ ಕಾಕಾಗೂ ಗೊತ್ತಿಲ್ಲ.

ಎರಡು, ಹೇಳಿದ್ದು ಯಾರು? "ಟಿವಿಯಲ್ಲಿ ಬಂತಂತೆ", "ಡಾಕ್ಟರು ಹೇಳ್ಯಾರ" ಅಂದರೆ ಮೂಲ ಅಲ್ಲ. ಯಾವ ಟಿವಿ, ಯಾವ ಡಾಕ್ಟರು, ಯಾವ ಆಸ್ಪತ್ರೆ, ಯಾವ ತಾರೀಖು? ಹೆಸರಿಲ್ಲ, ಊರಿಲ್ಲ, ದಿನ ಇಲ್ಲ ಅಂದರೆ ಅದು ಸುದ್ದಿ ಅಲ್ಲ, ಗಾಳಿಮಾತು.

ಮೂರು, ಬೇರೆ ಕಡೆ ನೋಡು. ಇದೇ ಸೌಂಡ್‌ಬಾಕ್ಸ್ ಹೆಜ್ಜೆ. 2017ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 10 ಇತಿಹಾಸ ವಿದ್ವಾಂಸರು, 25 ವಿದ್ಯಾರ್ಥಿಗಳು ಮತ್ತು ಸುದ್ದಿ ಪರೀಕ್ಷೆಯೇ ವೃತ್ತಿಯಾದ 10 ಜನರ ಮುಂದೆ ಕೆಲವು ವೆಬ್‌ಸೈಟ್ ಇಟ್ಟು, ನಂಬಬಹುದೋ ಇಲ್ಲವೋ ಹೇಳಿ ಅಂದರು. ವಿದ್ವಾಂಸರು, ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಆ ಪುಟವನ್ನೇ ಮೇಲಿಂದ ಕೆಳಗೆ ಓದಿ, ಚಂದದ ಲೋಗೊ ನೋಡಿ ಮೋಸ ಹೋದರು. ಪರೀಕ್ಷಕರು ಪುಟ ತೆರೆದ ಕೂಡಲೇ ಅದನ್ನು ಬಿಟ್ಟು, ಇವರ ಬಗ್ಗೆ ಬೇರೆಯವರು ಏನು ಹೇಳ್ತಾರೆ ಅಂತ ಹುಡುಕಿದರು. ಬೇಗನೂ ಮುಗಿಸಿದರು, ಸರಿಯಾಗೂ ಹೇಳಿದರು. ಅಂಗಡಿಯವರು ಗಿರಾಕಿಯ ಪರದೆ ಬಿಟ್ಟು ತಮ್ಮ ಖಾತೆ ನೋಡಿದ ಹಾಗೆ.

ನಾಲ್ಕು, ಬೇರಿಗೆ ಹೋಗು. ಫೋಟೊ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ ನೋಡಬೇಕು, ಅದೇ ಫೋಟೊ ಹಿಂದೆ ಎಲ್ಲಿ, ಯಾವಾಗ ಬಂದಿತ್ತು ಅಂತ ಎಷ್ಟೋ ಸಲ ಗೊತ್ತಾಗುತ್ತೆ. ವಿಡಿಯೊ ಇದ್ದರೆ ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹಾಗೇ ಮಾಡಬಹುದು. ಕರಾಚಿ ವಿಡಿಯೊದ ಅಸಲಿ ರೂಪ ಬಯಲಾದದ್ದೂ ಮೂಲ ಹುಡುಕಿದ್ದರಿಂದಲೇ.

ಈಗ ಎಐನಿಂದ ಮಾಡಿದ ದನಿ, ವಿಡಿಯೊ ಬಂದಿವೆ. ಬೆರಳು ಆರು ಇದೆಯಾ, ತುಟಿ ಹೊಂದುತ್ತಾ ಅಂತ ಹುಡುಕೋದು ದಿನ ಕಳೆದಂತೆ ಕೆಲಸಕ್ಕೆ ಬರಲ್ಲ. ಎರಡು ಮತ್ತು ಮೂರನೇ ಹೆಜ್ಜೆ ಆಗಲೂ ಕೆಲಸಕ್ಕೆ ಬರುತ್ತವೆ: ಯಾರು ಹೇಳಿದ್ದು, ಬೇರೆ ಯಾರಾದರೂ ಹೇಳ್ತಿದ್ದಾರಾ?

ತರಗತಿಯಲ್ಲಿ ಮಾಡಿಸಬಹುದಾದ ಮೂರು ಅಭ್ಯಾಸ

ಹತ್ತು ರೂಪಾಯಿ ನಾಣ್ಯ: "ಈ ನಾಣ್ಯ ನಡಿಯಂಗಿಲ್ಲರಿ" ಅನ್ನುವ ಮಾತು ಅಂಗಡಿ, ಬಸ್ಸು, ಸಂತೆ ಎಲ್ಲಾ ಕಡೆ ಕೇಳಿದ್ದೇ. ಮಕ್ಕಳಿಗೆ ಕೇಳಿ, ಇದನ್ನು ನಿರ್ಧರಿಸುವವರು ಯಾರು? ಪಕ್ಕದ ಅಂಗಡಿಯವರಲ್ಲ. ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಬಂದ 14 ವಿನ್ಯಾಸದ ಹತ್ತು ರೂಪಾಯಿ ನಾಣ್ಯಗಳೂ ಚಲಾವಣೆಗೆ ಯೋಗ್ಯ ಅಂತ ಹೇಳಿದೆ. 2011ರಲ್ಲಿ ಬಂದ ರೂಪಾಯಿ ಚಿಹ್ನೆ ಇರುವುದೂ ನಡೆಯುತ್ತೆ, ಅದಕ್ಕಿಂತ ಹಳೆಯ ಚಿಹ್ನೆ ಇಲ್ಲದ್ದೂ ನಡೆಯುತ್ತೆ. ವಿನ್ಯಾಸ ಬೇರೆ ಬೇರೆ ಇದ್ದದ್ದೇ ಗಾಳಿಮಾತಿಗೆ ಕಾರಣ. ಅಂಗಡಿಯವರಿಗೆ ಇನ್ನೊಂದು ಮಾತು: 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳು ಒಂದು ಸಲಕ್ಕೆ 1,000 ರೂಪಾಯಿವರೆಗಿನ ಪಾವತಿಗೆ ಕಾನೂನುಬದ್ಧ. ಮೂಲ ಯಾವುದು, ಪುಕಾರು ಯಾವುದು ಅಂತ ತೋರಿಸಲು ಇದಕ್ಕಿಂತ ಸುಲಭದ ಉದಾಹರಣೆ ಇಲ್ಲ.

"ಪ್ಲಾಸ್ಟಿಕ್ ಅಕ್ಕಿ": ರೇಷನ್ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳು ಕಂಡು, ನೀರಿನಲ್ಲಿ ತೇಲಿದ್ದನ್ನು ನೋಡಿ ಪ್ಲಾಸ್ಟಿಕ್ ಅಂತ ಚೆಲ್ಲಿದವರು ಎಷ್ಟೋ ಜನ. ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ಕಾಳಿನ ಆಕಾರ ಕೊಟ್ಟದ್ದು. ಸಾಮಾನ್ಯವಾಗಿ 100 ಕೆಜಿ ಅಕ್ಕಿಗೆ 1 ಕೆಜಿಯಷ್ಟು ಬೆರೆಸ್ತಾರೆ. ಇಲ್ಲಿ ಜನ ಕಂಡದ್ದು ಸುಳ್ಳಲ್ಲ, ಕಾಳು ಬೇರೆ ಇದ್ದದ್ದು ನಿಜ. ಕಾರಣ ಊಹಿಸಿದ್ದು ತಪ್ಪು. ಕಂಡದ್ದು ಏನು, ಊಹಿಸಿದ್ದು ಏನು ಅಂತ ಎರಡು ಕಾಲಂ ಹಾಕಿ ಮಕ್ಕಳಿಂದ ಬರೆಸಬಹುದು.

"ನಾಳೆ ಶಾಲೆಗೆ ರಜೆ": ಮಳೆಗಾಲದಲ್ಲಿ ಇದಕ್ಕಿಂತ ವೇಗವಾಗಿ ಓಡುವ ಸುದ್ದಿ ಇನ್ನೊಂದಿಲ್ಲ. ಹಳೇ ವರ್ಷದ ಆದೇಶ, ಬೇರೆ ಜಿಲ್ಲೆಯ ಆದೇಶ, ತಾರೀಖು ತಿದ್ದಿದ ಆದೇಶ ಎಲ್ಲಾ ಓಡಾಡ್ತವೆ. ಆದೇಶದ ಸಂಖ್ಯೆ ಇದೆಯಾ, ದಿನಾಂಕ ಯಾವುದು, ಯಾವ ಜಿಲ್ಲೆ, ಜಿಲ್ಲಾಡಳಿತದ ಅಧಿಕೃತ ಪುಟದಲ್ಲಿ ಬಂದಿದೆಯಾ, ಹೆಡ್‌ಮಾಸ್ತರರಿಗೆ ತಿಳಿದಿದೆಯಾ? ಮಕ್ಕಳಿಗೆ ಆಸಕ್ತಿ ಇರುವ ವಿಷಯ ಆದ್ದರಿಂದ ಈ ಪಾಠ ಬೇಗ ಹತ್ತುತ್ತೆ.

ಎಲ್ಲಾ ಸುಳ್ಳು ಅನ್ನೋದೂ ತಪ್ಪೇ

ಈ ಪಾಠ ಹೇಳುವಾಗ ಒಂದು ಅಪಾಯ ಇದೆ. ಬರೀ ಸುಳ್ಳು ಸುದ್ದಿಗಳನ್ನೇ ತೋರಿಸ್ತಾ ಹೋದರೆ ಮಕ್ಕಳು "ಯಾರನ್ನೂ ನಂಬಬಾರದು" ಅನ್ನುವ ತೀರ್ಮಾನಕ್ಕೆ ಬರ್ತಾರೆ. ಲಸಿಕೆ ಬೇಡ ಅಂದವರೂ ನಂಬದೇ ಇದ್ದವರೇ ತಾನೆ? ಆದ್ದರಿಂದ ಹತ್ತು ಸುದ್ದಿ ಕೊಟ್ಟರೆ ಅದರಲ್ಲಿ ಐದಾದರೂ ನಿಜ ಇರಬೇಕು. ನಿಜವನ್ನು ನಿಜ ಅಂತ ಗುರುತಿಸಿದರೂ ಅಂಕ ಸಿಗಬೇಕು. ಮೂರನೇ ಉತ್ತರವೂ ಇರಲಿ: "ಇನ್ನೂ ಗೊತ್ತಾಗಿಲ್ಲ." ಗೊತ್ತಾಗದಿದ್ದರೆ ಫಾರ್ವರ್ಡ್ ಮಾಡದೆ ಬಿಡೋದು, ಅಷ್ಟೇ.

ಇನ್ನೊಂದು ತೊಡಕು ಮನೆಯಲ್ಲಿ. ಹತ್ತನೇ ಕ್ಲಾಸಿನ ಹುಡುಗಿ ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರ ಎದುರು "ದೊಡ್ಡಪ್ಪಾ, ನೀವು ಹಾಕಿದ್ದು ಸುಳ್ಳು" ಅಂದರೆ ದೊಡ್ಡಪ್ಪನಿಗೆ ಅವಮಾನ, ಹುಡುಗಿಗೆ ಬೈಗುಳ, ಸುದ್ದಿ ಮಾತ್ರ ಹಾಗೇ ಉಳಿಯುತ್ತೆ. ಅದರ ಬದಲು ಅವರೊಬ್ಬರಿಗೇ "ದೊಡ್ಡಪ್ಪಾ, ಈ ಫೋಟೊ ಹಳೇದು ಅಂತ ಕಾಣ್ತದ, ಒಮ್ಮೆ ಇದನ್ನ ನೋಡ್ರಿ" ಅಂತ ಕಳಿಸಿದರೆ, ಅವರೇ ತೆಗೆದುಹಾಕುವ ಸಾಧ್ಯತೆ ಹೆಚ್ಚು. ಇದನ್ನೂ ಪಾಠದಲ್ಲೇ ಅಭ್ಯಾಸ ಮಾಡಿಸಬೇಕು.

ದೊಡ್ಡವರು ನೆನಪಿಡಬೇಕಾದ್ದು

ಗಾಳಿಸುದ್ದಿ ಹರಡೋದು ಈಗ ತಮಾಷೆ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 353ರ ಪ್ರಕಾರ, ಜನರಲ್ಲಿ ಭಯ ಅಥವಾ ದ್ವೇಷ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಮಾಹಿತಿ, ವದಂತಿ ಹರಡಿದರೆ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರಲ್ಲಿ ಅಪರಿಚಿತರ ಮೇಲೆ ನಿಜವಾಗಿಯೂ ಅನುಮಾನ ಬಂದರೆ ಗ್ರೂಪಿಗೆ ಹಾಕುವ ಮೊದಲು 112ಕ್ಕೆ ಫೋನ್ ಮಾಡಿ. ಮಕ್ಕಳ ವಿಷಯವಾದರೆ 1098 ಸಹಾಯವಾಣಿ ಇದೆ. ಎರಡಕ್ಕೂ ದುಡ್ಡು ಬೀಳಲ್ಲ.

ಶಾಲೆಗಳು, ಅರಿವು ಕೇಂದ್ರಗಳು ಒಂದು ನೋಟ್‌ಬುಕ್ ಇಟ್ಟರೆ ಸಾಕು. ವಾರಕ್ಕೊಂದು ಸುದ್ದಿ, ಯಾರು ಹೇಳಿದ್ದು, ಎಲ್ಲಿ ನೋಡಿದೆವು, ಏನು ತಿಳೀತು ಅಂತ ನಾಲ್ಕು ಸಾಲು. ವರ್ಷ ಮುಗಿಯುವ ಹೊತ್ತಿಗೆ ಮೂವತ್ತು ಸುದ್ದಿಯನ್ನಾದರೂ ಮಕ್ಕಳು ತಾವೇ ಪರೀಕ್ಷಿಸಿರ್ತಾರೆ. ಪರೀಕ್ಷೆಗೆ ಮೊದಲು ಈ ವೆಬ್‌ಸೈಟಿನ ಸುದ್ದಿಯನ್ನೇ ತಗೊಂಡರೂ ಸರಿ. ತಾರೀಖು ಇದೆಯಾ, ಹೇಳಿದವರ ಹೆಸರಿದೆಯಾ, ಬೇರೆ ಕಡೆಯೂ ಬಂದಿದೆಯಾ ನೋಡಲಿ.

ಮುರ್ಕಿಯಲ್ಲಿ ಅವತ್ತು ದಾರಿಗೆ ಅಡ್ಡ ನಿಂತವರಲ್ಲಿ ಎಷ್ಟೋ ಜನರ ಕೈಯಲ್ಲಿ ಫೋನ್ ಇತ್ತು. "ಇದನ್ನ ಹೇಳಿದ್ದು ಯಾರು, ಒಮ್ಮೆ ಪೊಲೀಸರಿಗೆ ಕೇಳೋಣ" ಅನ್ನುವ ಮಾತಿಗೆ ಅಲ್ಲಿ ಬೆಲೆ ಸಿಕ್ಕಿದ್ದರೆ ಆ ಹುಡುಗ ಮನೆಗೆ ಹೋಗ್ತಿದ್ದ. ಆ ಮಾತು ಆಡುವ ಮಕ್ಕಳು ಪ್ರತಿ ಊರಲ್ಲೂ ನಾಲ್ಕು ಜನ ಇರಬೇಕು.